ಎರಡು ಸಾವಿರದ ನಾಲ್ಕುನೂರು ಮಾತು

ಆಫೀಸಿನಲ್ಲಿ ಅವರಿಗೆ ಬೆಸುಗೆ ಸಾರ್ ಎಂದು ಹೆಸರು ಬಿದ್ದು ಹನ್ನೆರಡು ವರ್ಷವಾಗಿರಬೇಕು. ಅವರು ಬೆಸೆಯುವುದು ಕಬ್ಬಿಣವನ್ನಲ್ಲ, ತಂತ್ರಾಂಶವನ್ನು. ಕ್ಲಿನಿಕ್ಕು, ಲಾಡ್ಜು, ಔಷಧಿ ಅಂಗಡಿಗಳಿಗೆ ತಂತ್ರಾಂಶ ಮಾಡಿಕೊಡುವ ಮೂವತ್ತು ಜನರ ಕಂಪನಿ ಅದು. ರೋಗಿಯ ಫೋನಿಗೆ ಮೆಸೇಜು ಹೋಗಬೇಕು, ಲಾಡ್ಜಿನ ದಾರಿ ನಕ್ಷೆಯಲ್ಲಿ ಕಾಣಬೇಕು, ನಾಳೆ ಬಿಸಿಲೋ ಮಳೆಯೋ ತಿಳಿಯಬೇಕು. ಇದನ್ನೆಲ್ಲ ಮೂವತ್ತು ಜನ ಕೂತು ಕಟ್ಟಲಾದೀತೇ? ಅದಕ್ಕೆಂದೇ ಬೇರೆ ದೊಡ್ಡ ಕಂಪನಿಗಳಿವೆ. ಅವು ತಮ್ಮ ಗೋಡೆಯಲ್ಲಿ ಒಂದು ಕಿಟಕಿ ಇಟ್ಟಿರುತ್ತವೆ, ಅದಕ್ಕೆ ಎಪಿಐ ಎನ್ನುತ್ತಾರೆ. ನಮ್ಮ ತಂತ್ರಾಂಶ ಅಲ್ಲಿಗೆ ಹೋಗಿ, ತಾನು ಯಾರೆಂದು ಗುರುತು ತೋರಿಸಿ, ಚೀಟಿ ಕೊಟ್ಟರೆ ಒಳಗಿನಿಂದ ಉತ್ತರ ಬರುತ್ತದೆ. ಒಳಗೆ ಯಾರಿದ್ದಾರೆ ಎಂದು ಕೇಳುವಂತಿಲ್ಲ. ಕೇಳಿದರೂ ಹೇಳುವವರಿಲ್ಲ.

ಇಂಥ ಕಿಟಕಿಗಳಿಗೆ ಚೀಟಿ ಕೊಡುವುದರಲ್ಲಿ ಬೆಸುಗೆ ಸಾರ್ ಎತ್ತಿದ ಕೈ. ಆ ಕಂಪನಿಗಳು ಬರೆದಿಟ್ಟ ಸೂಚನೆಗಳನ್ನು ಯಾರೂ ಪೂರ್ತಿ ಓದುವುದಿಲ್ಲ. ಇವರು ಮುದ್ರಿಸಿ, ಕೆಂಪು ಪೆನ್ನು ಹಿಡಿದು ಓದುವವರು. ಹೆಂಡತಿಯ ಕಾಗದಗಳನ್ನೂ ಇಷ್ಟು ಗಮನವಿಟ್ಟು ಓದಿರಲಿಲ್ಲವೆಂದು ಆಕೆಯೇ ನಾಲ್ಕು ಜನರ ಮುಂದೆ ಹಂಗಿಸಿದ್ದುಂಟು.

ಆಕೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ. ಕಲಿಯಲು ಬಂದವರು ಮೊದಲ ವಾರ ಅಳುತ್ತಿದ್ದರು, ಎರಡನೇ ವಾರ ನಗುತ್ತಿದ್ದರು, ಮೂರನೇ ವಾರ ಅವರಷ್ಟಕ್ಕೆ ಅವರೇ ಓಡಿಸುತ್ತಿದ್ದರು. ಬೀದಿಯ ಆ ತುದಿಯಲ್ಲಿ ಕಾರು ಇರುವಾಗಲೇ ಈ ತುದಿಯವರಿಗೆ ಆಕೆಯ ದನಿ ಕೇಳುತ್ತಿತ್ತು. ಅಂಥ ಗಂಟಲಿನಲ್ಲಿ ಗಂಟು ಬೆಳೆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲವಾದರೆ ಜೀವಕ್ಕೆ ಗ್ಯಾರಂಟಿ ಇಲ್ಲ ಎಂದರು ಡಾಕ್ಟರು. ಕೈಯಲ್ಲಿದ್ದದ್ದು ಹತ್ತು ದಿನ.

ಆ ಹತ್ತು ದಿನದಲ್ಲಿ ಬೆಸುಗೆ ಸಾರ್ ಒಂದು ಕಂಪನಿಯನ್ನು ಹುಡುಕಿದರು. ಅವರು ಕೊಡುವ ಆರುನೂರು ವಾಕ್ಯ ಓದಿ ಕಳಿಸಿದರೆ ಆ ದನಿಯನ್ನು ಅವರು ಕಲಿತಿಟ್ಟುಕೊಳ್ಳುತ್ತಾರೆ. ಆಮೇಲೆ ಯಾವ ಮಾತು ಬರೆದು ಕಿಟಕಿಗೆ ಕೊಟ್ಟರೂ ಅದೇ ದನಿಯಲ್ಲಿ ವಾಪಸು ಬರುತ್ತದೆ. ಹೊರಗಿನ ಸದ್ದು ಬಾರದಂತೆ ಮಲಗುವ ಕೋಣೆಯ ಕಿಟಕಿಗೆ ರಜಾಯಿ ಕಟ್ಟಿ, ದನಿ ಮಾರ್ದನಿಸದಂತೆ ಬಟ್ಟೆಯ ಬೀರು ತೆರೆದಿಟ್ಟು, ಅದರ ಮುಂದೆ ಹೆಂಡತಿಯನ್ನು ಕೂರಿಸಿದರು. ವಾಕ್ಯಗಳೋ, ದೇವರಿಗೇ ಪ್ರೀತಿ.

"ನೀಲಿ ಕೊಡೆಯ ಕೆಳಗೆ ಏಳು ಕುದುರೆಗಳು ನಿಂತಿವೆ," ಎಂದು ಓದಿ ಆಕೆ ತಲೆ ಎತ್ತಿದರು. "ಯಾವ ಪುಣ್ಯಾತ್ಮ ರೀ ಬರ್ದಿರೋದು ಇದನ್ನ? ಕೊಡೆ ಕೆಳಗೆ ಏಳು ಕುದುರೆ ಹಿಡಿಯುತ್ತಾ?"

"ಇವಳೇ, ಬರ್ದಿರೋದನ್ನ ಮಾತ್ರ ಓದು. ಬೇರೆ ಮಾತು ಸೇರಿದ್ರೆ ಅವರು ತಗೊಳ್ಳಲ್ಲ."

ಆ ಬೇರೆ ಮಾತುಗಳನ್ನೆಲ್ಲ ಬೆಸುಗೆ ಸಾರ್ ಅಚ್ಚುಕಟ್ಟಾಗಿ ಕತ್ತರಿಸಿ ಬಿಸಾಡಿದರು.

ಟ್ಯಾಬ್ಲೆಟ್ಟಿಗೆ ಒಂದು ಪುಟ್ಟ ಆ್ಯಪ್ ಅವರೇ ಬರೆದರು. ಹೆಂಡತಿ ಎರಡು ಬೆರಳಲ್ಲಿ ಟೈಪು ಮಾಡಿ ಗುಂಡಿ ಒತ್ತಿದರೆ ಮಾತು ಕಂಪನಿಗೆ ಹೋಗಿ, ಒಂದೂವರೆ ಸೆಕೆಂಡಿನಲ್ಲಿ ದನಿಯಾಗಿ ಬರುತ್ತಿತ್ತು. ಆಪರೇಷನ್ ಆಗಿ ಹದಿನೆಂಟನೇ ದಿನ ಆ ದನಿಯ ಮೊದಲ ಮಾತು, "ರೀ, ಮುಖ ತೊಳ್ಕೊಂಡ್ ಬನ್ನಿ, ನೋಡೋಕಾಗ್ತಿಲ್ಲ." ಪಕ್ಕದಲ್ಲಿದ್ದ ಮಗಳು ಅಳುತ್ತಲೇ ನಕ್ಕಳು. ದನಿಯೇನೋ ಆಕೆಯದೇ, ಆದರೆ ಅದಕ್ಕೆ ಸಿಟ್ಟು ಬರುತ್ತಿರಲಿಲ್ಲ. ಬೈಗುಳವನ್ನೂ ನಯವಾಗಿ ಹೇಳುತ್ತಿತ್ತು. ಆಕೆ ಮತ್ತೆ ಕಾರು ಕಲಿಸಲು ಹೋಗಲಿಲ್ಲ. "ಬ್ರೇಕ್" ಎಂದು ಟೈಪು ಮಾಡುವಷ್ಟರಲ್ಲಿ ಎದುರಿನ ಲಾರಿ ಕಾಯುತ್ತದೆಯೇ?

ಹೀಗೆ ನಾಲ್ಕು ವರ್ಷ. ನಾಲ್ಕು ವರ್ಷವೂ ಆ ಆ್ಯಪ್ ಒಂದೊಂದು ಮಾತನ್ನೂ ನುಡಿಸಿದ ಮರುಕ್ಷಣವೇ ಅಳಿಸಿಹಾಕುತ್ತಿತ್ತು. ಹಾಗೆ ಬರೆದವರು ಬೆಸುಗೆ ಸಾರ್ ಅವರೇ. ಮೊದಲು ಓದಿಸಿದ ಆರುನೂರು ವಾಕ್ಯವನ್ನೂ ಕಂಪನಿಗೆ ಕಳಿಸಿದ ಮೇಲೆ ಅವರು ಉಳಿಸಿಕೊಂಡಿರಲಿಲ್ಲ. ಬೇಕಾದಾಗ ಕಿಟಕಿಗೆ ಹೋಗಿ ಕೇಳಿದರಾಯಿತು, ಮನೆಯಲ್ಲಿ ಯಾಕೆ ಗುಡ್ಡೆ ಹಾಕಬೇಕು ಎಂಬುದು ಅವರ ಕಸುಬಿನ ಶಿಸ್ತು. ಟ್ಯಾಬ್ಲೆಟ್ಟು ಒಮ್ಮೆಯೂ ತುಂಬಲಿಲ್ಲವೆಂದು ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು. ಆ ಹೆಮ್ಮೆಗೆ ಏನು ಹೇಳೋಣ!

ಒಂದು ಮಧ್ಯಾಹ್ನ, ಹಳೆಯ ರಕ್ತಪರೀಕ್ಷೆಯ ವರದಿ ಹುಡುಕುತ್ತ ಬೆಸುಗೆ ಸಾರ್ ತಮ್ಮ ಇಮೇಲಿನ ಕಸದ ಡಬ್ಬಿಯನ್ನು ಕೆದಕಿದಾಗ, ಆ ಕಂಪನಿಯ ಪತ್ರ ಸಿಕ್ಕಿತು. "ನಮ್ಮ ಪಯಣದ ಹೊಸ ಅಧ್ಯಾಯ" ಎಂದು ತಲೆಬರಹ. ಈ ಕಂಪನಿಗಳು ಕತ್ತು ಕುಯ್ಯುವಾಗಲೂ ಶುಭಾಶಯ ಹೇಳಿಯೇ ಕುಯ್ಯುತ್ತವೆ. ಅವರನ್ನು ಇನ್ಯಾರೋ ದೊಡ್ಡವರು ಕೊಂಡಿದ್ದರು. ಅರವತ್ತು ದಿನದಲ್ಲಿ ದನಿಯ ಸೇವೆ ನಿಲ್ಲುತ್ತದೆ. ಗ್ರಾಹಕರ ಖಾಸಗಿತನದ ಹಿತದೃಷ್ಟಿಯಿಂದ ಎಲ್ಲ ದನಿಗಳನ್ನೂ ಅಳಿಸಲಾಗುತ್ತದೆ. ಪತ್ರ ಬಂದು ನಲವತ್ತೆಂಟು ದಿನವಾಗಿತ್ತು, ಉಳಿದಿದ್ದು ಹನ್ನೆರಡು.

ಫೋನ್ ನಂಬರು ಎಲ್ಲೂ ಇರಲಿಲ್ಲ, ಒಂದು ಅರ್ಜಿ ಇತ್ತು. ಅದರಲ್ಲಿ ತೊಂದರೆ ಯಾವ ಬಗೆಯದೆಂದು ಆರಿಸಬೇಕು. ಪಾಸ್‌ವರ್ಡ್ ಮರೆತಿದ್ದು, ನಿಧಾನವಾಗಿದ್ದು, ಹೀಗೆ ಒಂಬತ್ತು ತೊಂದರೆಗಳಿದ್ದವು. ಹೆಂಡತಿಯ ದನಿ ಎಂಬ ತೊಂದರೆ ಅಲ್ಲಿರಲಿಲ್ಲ. "ಇತರೆ" ಒತ್ತಿ ಬರೆದರು. ಅರ್ಧ ನಿಮಿಷದಲ್ಲಿ ಯಂತ್ರದ ಉತ್ತರ ಬಂತು, ಕೆಳಗೆ ಈ ಅನುಭವಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಬೇರೆ. ಎರಡನೇ ಸಲವೂ ಅದೇ. ಮೂರನೇ ಸಲ ಅಂಗಲಾಚಿ ಬರೆದಾಗ ಮನುಷ್ಯರೊಬ್ಬರು ಉತ್ತರಿಸಿದರು. ದನಿಯ ಕಡತವನ್ನು ಹೊರಗೆ ಕೊಡಲು ಕರಾರಿನಲ್ಲಿ ಅವಕಾಶವಿಲ್ಲ. ಒಬ್ಬರಿಗೆ ದಿನಕ್ಕೆ ಇನ್ನೂರೇ ಮಾತು ಎಂಬ ಮಿತಿಯನ್ನು ಹೆಚ್ಚಿಸೋಣವೆಂದರೆ, ಹೆಚ್ಚಿಸುತ್ತಿದ್ದ ತಂಡವೇ ಈಗಿಲ್ಲ. ಕೊನೆಯಲ್ಲಿ, "ನನ್ನ ಕೆಲಸವೂ ಅದೇ ದಿನದವರೆಗೆ. ಕ್ಷಮಿಸಿ," ಎಂದಿತ್ತು. ಬೈಯೋಣವೆಂದರೆ ಎದುರಿಗಿದ್ದದ್ದೂ ಪಾಪದ ಪ್ರಾಣಿಯೇ.

ಅಡುಗೆಮನೆಯ ಮೇಜಿನ ಮುಂದೆ ಕೂತು ಹೆಂಡತಿಗೆ ಎಲ್ಲ ಹೇಳಿದರು. ಆಕೆ ಟೈಪು ಮಾಡಿದರು. "ಅಂದ್ರೆ ನನ್ನ ದನಿ ಇಷ್ಟು ದಿನ ಅವರ ಹತ್ರ ಇತ್ತು. ನಮ್ಮನೇಲಿ ಇರ್ಲೇ ಇಲ್ಲ."

"ಹೂಂ. ಇರ್ಲಿಲ್ಲ. ಇಟ್ಕೋಬಹುದಾಗಿತ್ತು. ನಾನೇ ಇಟ್ಕೊಳ್ಲಿಲ್ಲ," ಎಂದರು ಬೆಸುಗೆ ಸಾರ್. ಮೂವತ್ತೊಂದು ವರ್ಷದ ಸಂಸಾರದಲ್ಲಿ ಹೆಂಡತಿಯ ಮುಖ ನೋಡಲಾಗದೆ ಅವರು ಗೋಡೆ ನೋಡಿದ್ದು ಅದೇ ಮೊದಲು.

ಉಳಿದದ್ದು ಒಂದೇ ದಾರಿ. ದಿನಕ್ಕೆ ಇನ್ನೂರರಂತೆ ಹನ್ನೆರಡು ದಿನ, ಒಟ್ಟು ಎರಡು ಸಾವಿರದ ನಾಲ್ಕುನೂರು ಮಾತು. ಬಾಳಿನಲ್ಲಿ ಇನ್ನು ಮುಂದೆ ಆಡಬೇಕಾದದ್ದನ್ನೆಲ್ಲ ಈಗಲೇ ಬರೆದು, ನುಡಿಸಿ, ಟ್ಯಾಬ್ಲೆಟ್ಟಿನಲ್ಲಿ ಉಳಿಸಿಕೊಳ್ಳುವುದು. ಪಟ್ಟಿಯಲ್ಲಿ ಇದ್ದರೆ ಇತ್ತು, ಇಲ್ಲದ್ದು ಇಲ್ಲ.

ಮೊದಲ ದಿನದ ಪಟ್ಟಿ ಬೆಸುಗೆ ಸಾರ್ ಅವರದು. ನೀರು ಬೇಕು. ಬೆನ್ನು ನೋಯುತ್ತಿದೆ. ಬಾಗಿಲು ಹಾಕಿ. ಆಕೆ ಅದನ್ನು ಓದಿ ಟ್ಯಾಬ್ಲೆಟ್ಟನ್ನು ಎಳೆದುಕೊಂಡರು.

"ನಾನೇನು ವಾರ್ಡಲ್ಲಿ ಮಲಗಿದೀನಾ? ನೀರು ಬೇಕಾದ್ರೆ ಎದ್ದು ಕುಡೀತೀನಿ. ಜಗಳ ಆಡೋದು ಎಲ್ಲಿದೆ ಇದ್ರಲ್ಲಿ?"

ಆಮೇಲೆ ಪಟ್ಟಿ ಆಕೆಯ ಕೈಗೆ ಹೋಯಿತು. ತರಕಾರಿಯವನ ಜೊತೆ ಚೌಕಾಸಿಗೆ ಮೂವತ್ತು ಮಾತು. ಎದುರುಮನೆಯವರ ನಾಯಿಯ ಬಗ್ಗೆ ಹದಿನಾಲ್ಕು. "ನಿಮಗೆ ಹೇಳಿದ್ದೆ, ನೀವು ಕೇಳ್ಲಿಲ್ಲ" ಎಂಬುದು ಒಂದೇ, ಆದರೆ ಐದು ಸಲ, ಏಕೆಂದರೆ ಪ್ರತಿ ಸಲವೂ ದನಿ ಒಂದಿಷ್ಟು ಬೇರೆಯಾಗಿ ಬರುತ್ತಿತ್ತು. ಗಂಡ ಹೆಂಡಿರು ಒಟ್ಟಿಗೆ ಕೂತು ಇಷ್ಟು ನಕ್ಕು ಎಷ್ಟೋ ಕಾಲವಾಗಿತ್ತು. ಆದರೆ ನಾಲ್ಕನೆಯ ದಿನಕ್ಕೆ ತೊಡಕು ತಿಳಿಯಿತು. ತನ್ನ ಮಾತನ್ನು ಮುಂಚೆಯೇ ಬರೆದಿಡಬಹುದು. ಎದುರಿನವರ ಮಾತನ್ನು ಬರೆದಿಡುವವರು ಯಾರು? ಜಗಳದಲ್ಲಿ ಮೂರನೇ ಮಾತಿಗೇ ಪಟ್ಟಿ ದಾರಿ ತಪ್ಪುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಮಾತು ಬೇಕಾಗಿದ್ದದ್ದು ಮಗಳಿಗೆ. ಅವಳಿಗೆ ಏಳು ತಿಂಗಳು ತುಂಬಿತ್ತು, ರಕ್ತದೊತ್ತಡ ಏರಿದೆ, ಓಡಾಡುವಂತಿಲ್ಲ ಎಂದಿದ್ದರು. ರೈಲಿನಲ್ಲಿ ಒಂಬತ್ತು ಗಂಟೆಯ ದೂರ. ಹೆರಿಗೆಗೆ ಇವರೇ ಹೋಗುವುದೆಂದು ಟಿಕೆಟ್ಟಾಗಿತ್ತು. ದಿನಾ ಬೆಳಿಗ್ಗೆ ಹತ್ತಕ್ಕೆ ಅಮ್ಮನ ಫೋನು; ಮೇಜಿನ ಮೇಲೆ ಫೋನು, ಪಕ್ಕದಲ್ಲಿ ಟ್ಯಾಬ್ಲೆಟ್ಟು. ಅಷ್ಟು ದೂರದಲ್ಲಿ ಅವಳ ಪಾಲಿಗೆ ಅಮ್ಮನೆಂದರೆ ಆ ದನಿಯೊಂದೇ. ಅದು ಹೋದರೆ ಏನೂ ಇಲ್ಲ. ಹಾಗಾಗಿ ಕೂಸಿನ ಬಗ್ಗೆಯೇ ನಾಲ್ಕುನೂರು ಮಾತು ತಯಾರಾದವು. "ಕತ್ತು ಹಿಡ್ಕೊಳ್ಳೇ, ಕತ್ತು!" "ಅಳ್ಲಿ ಬಿಡು, ಗಂಟಲು ಗಟ್ಟಿಯಾಗುತ್ತೆ." "ಮೂಗು ಯಾರದು? ನಿಮ್ಮಪ್ಪಂದು ಬಂದಿಲ್ಲ ತಾನೆ?" ಗಂಡಾದರೆ ಹೇಳುವುದು ಬೇರೆ, ಹೆಣ್ಣಾದರೆ ಬೇರೆ.

ಹತ್ತನೆಯ ದಿನ ಬೆಸುಗೆ ಸಾರ್ ಅವರ ಕಸುಬು ತಲೆ ಎತ್ತಿತು. ಆಫೀಸಿನಲ್ಲಿ ಕಿರಿಯರಿಗೆ ಅವರು ಮೊದಲ ದಿನ ಕಲಿಸುವ ಪಾಠ ಒಂದೇ: "ಉತ್ತರ ಬಂದ್ರೆ ಏನ್ಮಾಡ್ಬೇಕು ಅಂತ ಯಾರು ಬೇಕಾದ್ರೂ ಬರೀತಾರೆ. ಬರದೇ ಹೋದ್ರೆ? ಅದನ್ನ ಮೊದ್ಲು ಬರೀರಿ." ಪಟ್ಟಿಯಲ್ಲಿ ಅವರು ಒಂದು ಹೊಸ ಭಾಗ ತೆರೆದರು. ತಲೆಬರಹ ಹಾಕಲು ಕೈ ಬರಲಿಲ್ಲ.

"ಇವಳೇ, ಒಂದಿಪ್ಪತ್ತು ಮಾತು ಬೇರೆ ಇಟ್ಕೊಳ್ಳೋಣ. ಅಕಸ್ಮಾತ್ ಅಲ್ಲಿ ಏನಾದ್ರೂ ಹೆಚ್ಚುಕಡಿಮೆ..."

ಆಕೆ ಅವರನ್ನೇ ದಿಟ್ಟಿಸಿದರು. ಮುಖ ಕೆಂಪಾಯಿತು. ಎರಡು ಬೆರಳಲ್ಲಿ ಟಕಟಕ ಒತ್ತಿದರು.

"ಬಿಡ್ತು ಅನ್ನಿ," ಎಂದಿತು ಟ್ಯಾಬ್ಲೆಟ್ಟು, ನಯವಾಗಿ.

"ಹಾಗಲ್ಲ ಕಣೇ, ಸುಮ್ನೆ ಒಂದು ಮುಂಜಾಗ್ರತೆಗೆ..."

ಆಕೆ ಅದನ್ನೇ ಮತ್ತೆ ಒತ್ತಿದರು. "ಬಿಡ್ತು ಅನ್ನಿ."

"ಬಿಡ್ತು," ಎಂದರು ಬೆಸುಗೆ ಸಾರ್. ಆ ಭಾಗವನ್ನು ಅಳಿಸಿದರು. ನಿಜ ಹೇಳಬೇಕೆಂದರೆ ಅವರಿಗೂ ಹಾಯೆನಿಸಿತು. ಅಂಥದ್ದನ್ನು ಬರೆಯುವ ಧೈರ್ಯ ಅವರಿಗೆ ಮಾತ್ರ ಎಲ್ಲಿತ್ತು? ಆ ಇಪ್ಪತ್ತು ಮಾತನ್ನು ಕೂಸನ್ನು ಮಲಗಿಸುವುದಕ್ಕೆ ಕೊಟ್ಟರು.

ಹನ್ನೆರಡನೆಯ ದಿನದ ಕೊನೆಯ ಮಾತು ಇಳಿದ ಮೇಲೆ, ಮಾರನೆಯ ಬೆಳಿಗ್ಗೆ ಆಕೆ ಸುಮ್ಮನೆ ಇನ್ನೊಂದು ಒತ್ತಿ ನೋಡಿದರು. ದನಿ ಬರಲಿಲ್ಲ. ಕಿಟಕಿಯಿಂದ ಬಂದದ್ದು ಒಂದು ಸಂಖ್ಯೆ: ನಾಲ್ಕುನೂರ ಹತ್ತು. ನೀವು ಕೇಳಿದ್ದು ಸಿಗಲಿಲ್ಲ ಎನ್ನುವ ನಾಲ್ಕುನೂರ ನಾಲ್ಕನ್ನು ಬೆಸುಗೆ ಸಾರ್ ಸಾವಿರ ಸಲ ಕಂಡಿದ್ದರು. ಇದು ಬೇರೆ. ನೀವು ಕೇಳಿದ್ದು ಇಲ್ಲಿ ಇತ್ತು, ಈಗಿಲ್ಲ, ಇನ್ನು ಬರಬೇಡಿ ಎಂದು ಇದರ ಅರ್ಥ. ಹೆಂಡತಿ ಅದೇನೆಂದು ಹುಬ್ಬಿನಲ್ಲೇ ಕೇಳಿದರು. "ಮುಗೀತು," ಎಂದರು.

ಆಮೇಲಿನ ದಿನಗಳಲ್ಲಿ ಆಕೆ ಪಟ್ಟಿಗೆ ಒಗ್ಗಿಕೊಂಡರು. ಯಾವ ಮಾತು ಎಲ್ಲಿದೆಯೆಂದು ಬೆರಳಿಗೇ ಗೊತ್ತಾಯಿತು. ಪಟ್ಟಿಯಲ್ಲಿ ಇಲ್ಲದ್ದನ್ನು ಬರೆದು ತೋರಿಸುತ್ತಿದ್ದರು. ಟ್ಯಾಬ್ಲೆಟ್ಟಿನಲ್ಲೇ ಇರುವ ಯಂತ್ರದ ದನಿಯಲ್ಲಿ ಒಮ್ಮೆ ಮಗಳಿಗೆ ಏನೋ ಹೇಳಿದಾಗ, "ಅಮ್ಮಾ, ಅದು ಬೇಡ, ಲಿಫ್ಟು ಮಾತಾಡಿದ ಹಾಗಿದೆ, ಹೆದರಿಕೆ ಆಗುತ್ತೆ," ಎಂದಿದ್ದಳು. ಮತ್ತೆ ಅದನ್ನು ಮುಟ್ಟಲಿಲ್ಲ.

ಸೇವೆ ನಿಂತ ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಎಂಟಕ್ಕೆ ಅಳಿಯನ ಫೋನು ಬಂತು. ಬೆಸುಗೆ ಸಾರ್ ಹಲ್ಲುಜ್ಜುತ್ತಿದ್ದರು. ಕೂಸು ಒಳಗೇ ಹೋಗಿಬಿಟ್ಟಿತ್ತು. ಎದೆಬಡಿತ ಕೇಳುತ್ತಿಲ್ಲವೆಂದು ಬೆಳಗಿನ ಜಾವವೇ ಆಪರೇಷನ್ ಮಾಡಿದ್ದರು. ಹೆಣ್ಣು. ಮಗಳ ಜೀವಕ್ಕೆ ಏನೂ ತೊಂದರೆಯಿಲ್ಲ. "ಮಾವ, ಅವಳಿಗೆ ಅತ್ತೆ ಜೊತೆ ಮಾತಾಡ್ಬೇಕಂತೆ. ಬೇರೆ ಯಾರೂ ಬೇಡವಂತೆ," ಎಂದ.

ಅವರು ಫೋನನ್ನು ಮೇಜಿನ ಮೇಲಿಟ್ಟು, ಹೆಂಡತಿಗೆ ಹೇಗೋ ಹೇಳಿದರು. ಆಕೆ ಒಲೆಯ ಮುಂದೆ ನಿಂತಿದ್ದವರು ಅಲ್ಲಿಂದ ಬಂದು ಕುರ್ಚಿಯಲ್ಲಿ ಕೂತರು. ಬಾಯಿ ತೆರೆದರು. ಕತ್ತಿನ ರಂಧ್ರದಿಂದ ಉಸಿರಷ್ಟೇ ಬಂತು.

"ಅಮ್ಮಾ," ಎಂದಿತು ಫೋನು. "ಅಮ್ಮಾ, ಇದೀಯಾ?"

ಆಕೆ ಟ್ಯಾಬ್ಲೆಟ್ಟು ಹತ್ತಿರಕ್ಕೆ ಎಳೆದುಕೊಂಡು ಮಗಳ ಪುಟ ತೆರೆದರು. ಮೂಗು ಯಾರದು. ಅಳಲಿ ಬಿಡು. ಹಾಲು ಕುಡಿಸಿದೆಯಾ. ಬೆರಳು ಇಳಿಯುತ್ತ ಹೋಯಿತು. ನಾಲ್ಕುನೂರು ಮಾತಿನಲ್ಲಿ ಆಡಬಹುದಾದದ್ದು ಒಂದೂ ಇರಲಿಲ್ಲ. ಬೇರೆ ಪುಟಗಳಲ್ಲಿ ತರಕಾರಿ, ನಾಯಿ, ಜಗಳ. ಲೈನು ಸರಿಯಿಲ್ಲದಾಗ ಬೇಕಾದೀತೆಂದು ಇಟ್ಟ ಒಂದು ಮಾತಿನ ಮೇಲೆ ಕೊನೆಗೆ ಬೆರಳು ನಿಂತಿತು. ಒತ್ತಿದರು.

"ಕೇಳಿಸ್ತಾ ಇದೆ, ಹೇಳು," ಎಂದಿತು ಆಕೆಯ ದನಿ.

ಮಗಳು ಹೇಳಿದಳು. ನೋಡಿದೆನೆಂದಳು. ಕೈ ಬೆಚ್ಚಗಿತ್ತೆಂದಳು. ತುಂಬ ಕೂದಲಿತ್ತೆಂದಳು. ಅಳು ಉಕ್ಕಿ ನಿಂತಾಗ ಆಕೆ ಮತ್ತೆ ಅದನ್ನೇ ಒತ್ತಿದರು. "ಕೇಳಿಸ್ತಾ ಇದೆ, ಹೇಳು." ಹಾಗೆ ನಾಲ್ಕು ಸಲ. ನಾಲ್ಕು ಸಲವೂ ಒಂದೇ ಏರು, ಒಂದೇ ಇಳಿತ. ಈ ಮಾತನ್ನು ಒಂದೇ ಸಲ ನುಡಿಸಿಟ್ಟಿದ್ದರು. ಬೆಸುಗೆ ಸಾರ್ ಬ್ರಷ್ಷನ್ನು ಕೈಯಲ್ಲಿ ಹಿಡಿದು ಪಕ್ಕದಲ್ಲೇ ನಿಂತಿದ್ದರು. ತಾವು ಮಾತಾಡಬಹುದಿತ್ತು. ಗಂಟಲಿತ್ತು, ದನಿಯಿತ್ತು. ಆದರೆ ಮಗಳಿಗೆ ಬೇಕಾದದ್ದು ಅವರ ದನಿಯಲ್ಲ.

ಆಕೆ ಐದನೆಯ ಸಲವೂ ಅದನ್ನೇ ಒತ್ತಿದರು.

"ಅಮ್ಮಾ," ಎಂದಳು ಮಗಳು, ಮೆಲ್ಲಗೆ. "ಬೇರೆ ಏನಾದ್ರೂ ಹೇಳಮ್ಮ."

ಆಕೆ ಕಣ್ಣೊರೆಸಿಕೊಂಡು, ಪಟ್ಟಿಯನ್ನು ಮತ್ತೆ ಮೊದಲಿನಿಂದ ನೋಡತೊಡಗಿದರು.