ಆಚೆ ದಂಡೆಗೆ ಮೂರು ಕೂಗು
ದೇವದುರ್ಗದ ಕಡೆ ಕೃಷ್ಣಾ ನದಿಯಲ್ಲಿ ಹರಿಗೋಲು ನಡೆಸುತ್ತಿದ್ದ ಉರುಕುಂದಪ್ಪನಿಗೆ, ಸೇತುವೆ ಆದ ಮೇಲೆ ಉಳಿದದ್ದು ಮನೆಯವರಿಗೆ ಪಾಠ ಹೇಳುವ ಕೆಲಸವೊಂದೇ. ಪ್ರತಿ ಭಾನುವಾರ ಹರಿಗೋಲನ್ನು ಟ್ರಾಲಿಯಲ್ಲಿ ಬೋರಲು ಹಾಕಿಸಿ, ಸೊಸೆ ಕಲ್ಯಾಣಿಯನ್ನು ಟ್ರ್ಯಾಕ್ಟರ್ ಮೇಲೆ ಕೂಡಿಸಿ, "ಟ್ರಾಲಿ ಹಿಂದ ಬಲಕ್ಕ ಹೋಗಬೇಕಂದ್ರ ಸ್ಟೇರಿಂಗ್ ಎಡಕ್ಕ ತಿರಗಸಬೇಕವ್ವಾ" ಎನ್ನುತ್ತ ಹಿಮ್ಮುಖವಾಗಿ ನಡೆಯುತ್ತಾನೆ. ಹಾಗೆ ನಡೆದು ಹರಿಗೋಲಿಗಿಂತ ಮೊದಲು ತಾನೇ ನೀರು ಸೇರುತ್ತಾನೆ. ಶಾಲಾ ಮಾಸ್ತರನಾದ ಮಗ ಸಂಜೀವ ಹುಟ್ಟು ಹಿಡಿದರೆ, "ಅದೇನ್ ಸಾರಿನ ಸೌಟೇನಲೇ" ಎಂದು ಗದರುತ್ತಾನೆ. ಎಲ್ಲಕ್ಕಿಂತ ದೊಡ್ಡ ಪಾಠ ಬೇರೆಯೇ ಇದೆ. ಹರಿಗೋಲು ಬಿಡುವ ಮೊದಲು ಆಚೆ ದಂಡೆಯತ್ತ ಮೂರು ಸಲ "ಬರಾವ್ರು ಯಾರರ ಅದೀರೇನ್ರೀ" ಎಂದು ಕೂಗಬೇಕು, ಕೂಗಿದ ಮೇಲೆ ಕಾಯಬೇಕು. "ಮಂದಿ ಎಲ್ಲಾ ಬಸ್ಸಿಗೆ ಹೋಗತೈತಿ, ಮಾವಾ" ಎಂದು ಕಲ್ಯಾಣಿ ಹೇಳಿದರೆ, "ಇದ್ರ ಇರ್ತಾರವ್ವಾ" ಎಂದು ಆಚೆ ದಂಡೆಯನ್ನೇ ನೋಡುತ್ತಾನೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಯಾರೂ ಓಗೊಟ್ಟಿರಲಿಲ್ಲ. ಕಳೆದ ಭಾನುವಾರ ಅವನ ಹೆಂಡತಿ ಹುಲಿಗೆಮ್ಮ ಯಾರಿಗೂ ಹೇಳದೆ ಬೆಳಗಿನ ಬಸ್ಸು ಹತ್ತಿ ಸೇತುವೆ ದಾಟಿದಳು. ಮೂರನೆಯ ಕೂಗಿಗೆ ಆಚೆಯಿಂದ "ಅದೀನ್ರೀ, ಬರ್ರಿ" ಎಂಬ ದನಿ ಬಂತು. ಉರುಕುಂದಪ್ಪ ಹರಿಗೋಲಿನಲ್ಲಿ ಸೊಸೆಯೊಂದಿಗೆ ಕುಳಿತಿದ್ದ ಮಗನ ಕೈಯ ಹುಟ್ಟು ಕಸಿದುಕೊಂಡು, "ಇಳೀರಿ, ಆ ಕಡೆ ಮಂದಿ ಕಾಯಾಕತ್ತಾರ" ಎಂದ.