ಬಿಸಿಲು ತಿಂದ ಗ್ರಾನ್ ರೆಸೆರ್ವಾ

ಕೋವಿಡ್ ಕಳೆದ ಮೇಲಿನ ಎರಡನೆಯ ಬೇಸಿಗೆ. ಆಗ ನಾನು ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ, ರಾಯಾಪುರದ ಹತ್ತಿರದ ಒಂದು ಹೋಟೆಲಿನಲ್ಲಿ ಸೀನಿಯರ್ ಕ್ಯಾಪ್ಟನ್ ಆಗಿದ್ದೆ. ಕ್ಯಾಪ್ಟನ್ ಎಂದರೆ ಆರ್ಡರ್ ತೆಗೆದುಕೊಂಡು, ಬಡಿಸುವವರ ಮೇಲೆ ಕಣ್ಣಿಡುವವನು. ವೈನ್ ಬಡಿಸುವ ಕೋರ್ಸನ್ನೂ ಹಟದಿಂದ ಮುಗಿಸಿದ್ದೆ. ಅವಳಿ ನಗರದಲ್ಲಿ ನನ್ನ ಮೂಗಿನಂಥ ಮೂಗು ಇನ್ನೊಂದಿಲ್ಲ ಎಂದು ನಂಬಿದ್ದೆ. ಮಹಾಂತೇಶ ಬರುವವರೆಗೆ ಆ ನಂಬಿಕೆಗೆ ಯಾವ ತೊಂದರೆಯೂ ಆಗಿರಲಿಲ್ಲ.

ಮಹಾಂತೇಶ ಧಾರವಾಡದವನೇ, ನನಗಿಂತ ಬಹಳ ಚಿಕ್ಕವನು. ವಿದೇಶಿ ಪ್ರವಾಸಿ ಹಡಗಿನಲ್ಲಿ ಕೆಲಸ ಮಾಡಿ ಬಂದಿದ್ದ. ಅವನು ಬಾಟಲಿ ಹಿಡಿದು ನಿಂತರೆ ಗಿರಾಕಿಗಳು ಮಾತು ನಿಲ್ಲಿಸಿ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನ ಇಸ್ತ್ರಿಯ ಕಾಲರು, ಸ್ಪ್ಯಾನಿಷ್ ಹೆಸರುಗಳ ಉಚ್ಚಾರ, ಕೊನೆಗೆ ಅವನು ನನ್ನನ್ನು ‘ಈರಣ್ಣಾರ’ ಎಂದು ಮರ್ಯಾದೆಯಿಂದ ಕರೆಯುವುದು ಕೂಡ ನನಗೆ ಸೇರುತ್ತಿರಲಿಲ್ಲ.

ಆ ವರ್ಷ ಹೊರದೇಶದ ಅತಿಥಿಗಳಿಗಾಗಿ ಹೊಸ ಡೈನಿಂಗ್ ಹಾಲ್ ಸಿದ್ಧವಾಗುತ್ತಿತ್ತು. ಅದರ ಮ್ಯಾನೇಜರ್ ನಾನೋ ಅವನೋ ಎಂಬುದಷ್ಟೇ ಉಳಿದಿತ್ತು. ತೀರ್ಮಾನ ಮಾಲೀಕರಾದ ಶೇಖರಪ್ಪನವರದು. ತಾರಿಹಾಳದಲ್ಲಿ ಅವರದೊಂದು ಕಾರ್ಖಾನೆಯೂ ಇತ್ತು. ಕೊರಳಲ್ಲಿ ಲಿಂಗ ಧರಿಸಿದ ಶೇಖರಪ್ಪನವರು ಜೀವಮಾನದಲ್ಲಿ ಮದ್ಯ ಮುಟ್ಟಿದವರಲ್ಲ. ಮುಟ್ಟುವವರ ಬಿಲ್ಲನ್ನು ಮಾತ್ರ ಸಂತೋಷದಿಂದ ನೋಡುತ್ತಿದ್ದರು.

ಕಾರ್ಖಾನೆಗೆ ಹೊಸ ಯಂತ್ರ ಕೂಡಿಸಲು ಸ್ಪೇನಿನಿಂದ ಆಂದ್ರೆಸ್ ಎಂಬ ಎಂಜಿನಿಯರ್ ಬಂದು, ಗಬ್ಬೂರಿನಲ್ಲಿ ಶೇಖರಪ್ಪನವರದೇ ಗೆಸ್ಟ್ ಹೌಸಿನಲ್ಲಿ ಇಳಿದಿದ್ದರು. ಏಪ್ರಿಲ್‌ನಲ್ಲಿ ಅವರಿಗೆ ನಲವತ್ತು ತುಂಬುತ್ತಿತ್ತು. ಆ ದಿನ ತೆರೆಯಲೆಂದು ಅವರ ತಂದೆ, ಮಗ ಹುಟ್ಟಿದ ವರ್ಷದ ಒಂದು ಬಾಟಲಿ ಕೆಂಪು ವೈನನ್ನು ತೆಗೆದಿರಿಸಿದ್ದರು. ತಂದೆ ತೀರಿಕೊಂಡು ವರ್ಷವಾಗಿತ್ತು. ಆಂದ್ರೆಸ್ ಆ ಬಾಟಲಿಯನ್ನು ಜೊತೆಗೇ ತಂದಿದ್ದರು. ಅದು ರಿಯೋಹಾ ಪ್ರಾಂತದ ‘ಗ್ರಾನ್ ರೆಸೆರ್ವಾ’, ಎಂದರೆ ಮರದ ಪೀಪಾಯಿಯಲ್ಲೂ ಬಾಟಲಿಯಲ್ಲೂ ವರ್ಷಗಟ್ಟಲೆ ಮಾಗಿದ ಮೇಲೆಯೇ ಮಾರಾಟಕ್ಕೆ ಬಿಡುವ ವೈನ್. ನಮ್ಮ ಹೋಟೆಲಿನಲ್ಲಿ, ಶೇಖರಪ್ಪನವರ ಜೊತೆ ಊಟಕ್ಕೆ ಕೂತು ಅದನ್ನು ತೆರೆಯುವುದೆಂದಾಯಿತು. ತೆರೆಯುವ ಕೆಲಸ ಮಹಾಂತೇಶನಿಗೆ ಹೋಯಿತು. ನನ್ನ ಪಾಲಿಗೆ ನೀರು, ರೊಟ್ಟಿ.

ಹುಟ್ಟುಹಬ್ಬದ ಸಂಜೆ ಬಾಟಲಿ ನಮ್ಮ ಕೈಗೆ ಬಂದಾಗ ನೋಡಿದೆ. ಕಾರ್ಕ್ ತುಸು ಮೇಲೆದ್ದಿತ್ತು, ಅಂಚಿನಲ್ಲಿ ಸೋರಿ ಒಣಗಿದ ಅಂಟು. ಗೆಸ್ಟ್ ಹೌಸಿನ ಮಹಡಿಯ ಕಪಾಟಿನಲ್ಲಿ ಬೇಸಿಗೆಯ ಕಾವಿಗೆ ವಾರಗಟ್ಟಲೆ ಕುಳಿತು, ವೈನ್ ಹಿಗ್ಗಿ ಕಾರ್ಕನ್ನು ತಳ್ಳಿತ್ತು. ಇಂಥದನ್ನು ನಮ್ಮ ವೃತ್ತಿಯಲ್ಲಿ ‘ಕುಕ್ಡ್’ ಎನ್ನುತ್ತಾರೆ, ಬೆಂದುಹೋದ ವೈನ್. ನಾನು ಬಾಯಿ ಬಿಡಲಿಲ್ಲ. ತೆರೆಯಲಿ, ಎಲ್ಲರೆದುರು ಸಿಕ್ಕಿಬೀಳಲಿ ಎಂದುಕೊಂಡೆ.

ಅವನು ತೆರೆದ ರೀತಿಯನ್ನು ಹೇಳಲೇಬೇಕು. ಹಳೆಯ ಕಾರ್ಕನ್ನು ಪುಡಿಯಾಗದಂತೆ ಎಳೆದ, ತಳದ ಗಸಿ ಏಳದಂತೆ ಬಗ್ಗಿಸಿದ. ನನ್ನ ಕೈಯಲ್ಲಿ ಅಷ್ಟು ನಯವಾಗಿ ಆಗುತ್ತಿರಲಿಲ್ಲ, ನನ್ನ ಸಂಕಟವೇ ಅದು. ಪದ್ಧತಿಯಂತೆ ಮೊದಲ ಗುಟುಕು ಆತಿಥೇಯರದು. ಶೇಖರಪ್ಪನವರು ನಕ್ಕು, “ನಾ ಮುಟ್ಟಂಗಿಲ್ಲ. ನನ್ನ ಪರವಾಗಿ ನೀ ನೋಡು” ಎಂದು ಮಹಾಂತೇಶನಿಗೆ ಹೇಳಿದರು.

ಅವನು ಗುಟುಕರಿಸಿದ. ಭಾಳ ಛಲೋ ಐತ್ರಿ ಎಂದು ಆಂದ್ರೆಸ್ ಅವರ ಗ್ಲಾಸಿಗೂ ಬಗ್ಗಿಸಿಬಿಟ್ಟ.

ನನಗೆ ಒಳಗೊಳಗೇ ಹಬ್ಬ. ಶೇಖರಪ್ಪನವರು ವ್ಯಾಪಾರಸ್ಥರು, ಒಬ್ಬರ ಮಾತಿಗೆ ನಿಲ್ಲುವವರಲ್ಲ. “ಈರಣ್ಣ, ನೀವೂ ಒಂದ್ಸಲ ನೋಡ್ರಿ” ಎಂದರು. ಗ್ಲಾಸು ಮೂಗಿಗೆ ಹಿಡಿದೆ. ಒಣದ್ರಾಕ್ಷಿ ಕುದಿಸಿ ಮರೆತುಬಿಟ್ಟಂಥ ವಾಸನೆ, ಬೆನ್ನಿಗೇ ವಿನೆಗರಿನ ಹುಳಿ. ಒಂದು ಮಾತಿಗೆ ಹುದ್ದೆ ನನ್ನದಾಗುತ್ತಿತ್ತು. ಬಾಯಿ ತೆರೆದೆ. ಎದುರಿಗಿದ್ದ ಆಂದ್ರೆಸ್ ನನ್ನನ್ನೇ ನೋಡುತ್ತಿದ್ದರು. ಯಾರಿಗೂ ಕಾಣದಷ್ಟು ಸಣ್ಣದಾಗಿ ಬೇಡವೆಂದು ತಲೆಯಾಡಿಸಿದರು. ಆಮೇಲೆ ತಮ್ಮ ಗ್ಲಾಸನ್ನು ಖಾಲಿ ಮಾಡಿ, ಇನ್ನಷ್ಟು ಹಾಕೆಂದು ಮುಂದೆ ಚಾಚಿದರು.

ಛಲೋ ಐತಿ ಎಂದು ನಾನೂ ಹೇಳಿದೆ. ಅದು ನನ್ನ ದೊಡ್ಡತನವಲ್ಲ, ಅತಿಥಿ ಸನ್ನೆ ಮಾಡಿದರೆ ಬಾಯಿ ಮುಚ್ಚುವ ಅಭ್ಯಾಸ ಅಷ್ಟೇ. ಶೇಖರಪ್ಪನವರು ಹಿಗ್ಗಿಹೋದರು. ಬಾಟಲಿ ಇಷ್ಟು ದಿನ ನಮ್ಮ ಮನೆಯಲ್ಲೇ ಇತ್ತು ಎಂದು ಎರಡೆರಡು ಸಲ ಹೇಳಿಕೊಂಡರು.

ಪ್ಯಾಂಟ್ರಿಯಲ್ಲಿ ಮಹಾಂತೇಶನನ್ನು ಹಿಡಿದು, ವೈನ್ ಕೆಟ್ಟದ್ದು ನಿನಗೆ ಗೊತ್ತಾಗಲಿಲ್ಲವೇ ಎಂದು ಕೇಳಿದೆ.

“ಕಾರ್ಕ್ ನೋಡಿದಾಗನ ಗೊತ್ತಾತ್ರಿ” ಎಂದ. “ಊಟಕ್ಕ ಕೂಡೂಕಿಂತ ಮೊದಲ ಹೋಗಿ ಆಂದ್ರೆಸ್ ಸಾಹೇಬ್ರೊಬ್ಬರಿಗೇ ಹೇಳಿದ್ನಿ. ಸಾಹುಕಾರ್ರ ಮನ್ಯಾಗ ಕೆಟ್ಟೈತಿ, ಗೊತ್ತಾದ್ರ ಭಾಳ ಮನಸಿಗೆ ಹಚ್ಕೋತಾರ, ಏನೂ ಹೇಳಬ್ಯಾಡ, ತಗಿ ಅಂದ್ರು.”

ಹುದ್ದೆ ಮಹಾಂತೇಶನಿಗೇ ಹೋಯಿತು. ಬಾಟಲಿಯ ದೋಷವನ್ನು ಮೊದಲು ಅದರ ಒಡೆಯನಿಗೆ, ಅವನೊಬ್ಬನಿಗೇ ಹೇಳಬೇಕು, ಮೇಜಿನೆದುರು ಅಲ್ಲ. ಇದನ್ನು ನಾನು ಆಮೇಲೆ ಬಂದವರಿಗೆಲ್ಲ ಕಲಿಸಿದೆ, ಯಾರಿಂದ ಕಲಿತೆ ಎಂದು ಮಾತ್ರ ಹೇಳಲಿಲ್ಲ. ಈಗ ನಿವೃತ್ತನಾಗಿದ್ದೇನೆ. ಅವನ ಮೂಗು, ಕೈ, ಹುದ್ದೆ ಯಾವುದರ ಮೇಲೂ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ಕಾರ್ಕ್ ನೋಡಿದ ಕೂಡಲೇ ನನಗೆ ನೆನಪಾದವನು ಮಹಾಂತೇಶ, ಅವನಿಗೆ ನೆನಪಾದವರು ಆಂದ್ರೆಸ್. ಅದೊಂದಕ್ಕೆ ಇನ್ನೂ ಹೊಟ್ಟೆ ಉರಿಯುತ್ತದೆ.