ಟವೆಲ್ಲಿನಡಿಯ ಎಲೆಗಳು

ನನ್ನ ಹೆಗಲ ಮೇಲೆ ಸದಾ ಒಂದು ಟವೆಲ್ಲಿರುತ್ತದೆ, ಗೆಳೆಯರೇ. ಅದು ಬೆವರೊರೆಸಲಿಕ್ಕೆಂದು ನೀವು ತಿಳಿದರೆ ಅಫಜಲಪುರದ ಕಡೆಯ ದನದ ಸಂತೆಗಳನ್ನು ನೀವು ಕಂಡಿಲ್ಲವೆಂದೇ ಅರ್ಥ. ಎತ್ತಿನ ದರವನ್ನು ನಾವು ದಲ್ಲಾಳಿಗಳು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದು ಬೆರಳೊತ್ತಿ ತಿಳಿಸುತ್ತೇವೆ. ಅಪ್ಪನಿಂದ ಒಂದು ಕರುವೂ ಬಾರದ ನಾನು ಆಳಂದದಲ್ಲಿ ಮನೆ ಕಟ್ಟಿದ್ದು ಈ ಮುಚ್ಚಿದ ಬೆರಳುಗಳಿಂದ. ಹೀಗಾಗಿ ಕೈಯಲ್ಲಿರುವುದನ್ನು ಬಚ್ಚಿಡುವುದು ನನಗೆ ಉಸಿರಾಟದಷ್ಟೇ ಸಹಜ.

ಜೇವರ್ಗಿಯಲ್ಲಿ ಶಿಕ್ಷಕಿಯಾಗಿರುವ ಮಗಳು ಸವಿತಾ ಮೊನ್ನೆ ರಜೆ ಹಾಕಿ ನಮ್ಮಲ್ಲಿಗೆ ಬಂದಳು. ಎರಡು ತಿಂಗಳ ಹಿಂದೆ ಅವಳ ನಾಲ್ಕು ತಿಂಗಳ ಬಸಿರು ಇಳಿದುಹೋಗಿತ್ತು. ಏನು ಉಣ್ಣಬೇಕು, ಮನಸ್ಸನ್ನು ಹೇಗೆ ಗಟ್ಟಿ ಮಾಡಬೇಕು ಎಂದು ನಾನು ಹೇಳುತ್ತ ಹೋದಷ್ಟೂ ಅವಳು ತಲೆಯಾಡಿಸುತ್ತ ದೂರವಾದಳು. ಒಮ್ಮೆಯೂ ಅಳಲಿಲ್ಲ. ಆ ಒಣಗಣ್ಣುಗಳನ್ನು ಕಂಡೇ ನಮಗೆ ಹೆದರಿಕೆ.

ಅವಳ ಚೀಲದಲ್ಲೊಂದು ಎಲೆಯಾಟದ ಪೆಟ್ಟಿಗೆಯಿತ್ತು. ಇಸ್ಪೀಟಿನಂತಲ್ಲದ ಆಟ, ಆಡುವ ಇಬ್ಬರೂ ಒಂದೇ ಪಕ್ಷದವರಾಗಿ ಒಬ್ಬ ರಕ್ಕಸನನ್ನು ಸೋಲಿಸಬೇಕು. ಅವಳು ಬಿಲ್ಲುಗಾತಿ, ನಾನು ಅವಳ ಬೆನ್ನಿಗೆ ನಿಂತ ನಾರುಬೇರಿನ ವೈದ್ಯ. ರಾಶಿಯಿಂದ ಮೂವತ್ತು ಎಲೆ ಆರಿಸಿ ನನ್ನ ಕಟ್ಟನ್ನು ನಾನೇ ಕಟ್ಟಿಕೊಳ್ಳಬೇಕಂತೆ. ಆರಿಸುವುದು ನನಗೆ ಹೊಸದೇ? ಬೆಂಕಿಯ ಕತ್ತಿ, ಸಿಡಿಲಿನ ಗದೆ, ಕೊಂಬು ದೊಡ್ಡದಿದ್ದವನ್ನೆಲ್ಲ ಬಾಚಿಕೊಂಡೆ. ‘ನೆರಳು’ ಎಂಬ ಎಲೆಯೊಂದಿತ್ತು: ಅದನ್ನು ಹಾಕಿದರೆ ಜೊತೆಗಾರ ಆ ಸುತ್ತು ಏನೂ ಮಾಡದೆ ಕುಳಿತಿರಬಹುದು, ಅವನ ಮೇಲಿನ ಏಟು ನಮ್ಮ ಮೇಲೆ. ಇಂಥ ಸೋಮಾರಿ ಎಲೆಯನ್ನು ಯಾರು ಕೊಳ್ಳುತ್ತಾರೆಂದು ಬದಿಗೆಸೆದೆ.

ನಾಲ್ಕೇ ಸುತ್ತಿಗೆ ಬಿಲ್ಲುಗಾತಿ ಸತ್ತಳು. ಸಂತೆಯ ಅಭ್ಯಾಸದಂತೆ ನನ್ನ ಎಲೆಗಳ ಮೇಲೆ ಹೊದಿಸಿಕೊಂಡಿದ್ದ ಟವೆಲ್ಲನ್ನು ಸವಿತಾ ಎತ್ತಿ ನೋಡಿದಳು.

“ಅಪ್ಪಾ, ಮದ್ದಿನ ಎಲಿ ನಿನ್ನ ಕೈಯಾಗೇ ಇತ್ತಲ್ಲ! ಯಾಕ ಮುಚ್ಚಿಟ್ಟಿ?”

“ಇನ್ನೊಂದು ಸುತ್ತು ತಡದು ಹಾಕಬೇಕಂತಿದ್ದೆ. ಅವಸರ ಮಾಡಿದ್ರ ದರ ಬೀಳ್ತದ.”

“ಯಾರ ದರ? ಸತ್ತಾಕಿ ನಾನು!”

ತೊಗರಿ ಹಸನು ಮಾಡುತ್ತಿದ್ದ ನನ್ನ ಹೆಂಡತಿ ಮೊರದಿಂದ ತಲೆಯೆತ್ತದೆ, “ಮೂವತ್ತು ವರ್ಷ ಬಾಳೇವು ಮಾಡೀನಿ, ಆ ಟಾವೆಲ್ ಕೆಳಗ ಏನದ ಅಂತ ನನಗೇ ಗೊತ್ತಿಲ್ಲ. ನಿನಗೆಲ್ಲಿ ತೋರಸ್ತಾರವಾ” ಎಂದಳು. ಸವಿತಾ ನಕ್ಕಳು. ನಾನೂ ನಕ್ಕೆ, ಆದರೆ ಮಾತು ಮುಳ್ಳಿನಂತೆ ಉಳಿಯಿತು.

ಜೋಡಿ ಎತ್ತು ಕೊಳ್ಳುವಾಗ, ನನ್ನ ಮಾತು ಕೇಳಿ, ಒಂಟಿಯಾಗಿ ನಿಂತು ಮಿಂಚುವುದನ್ನು ಕೊಳ್ಳಬೇಡಿ. ನೊಗದ ಆಚೆಯದು ಏದುಸಿರು ಬಿಟ್ಟಾಗ ತಾನೂ ಹೆಜ್ಜೆ ತಗ್ಗಿಸುವುದನ್ನು ಕೊಳ್ಳಿ. ಈ ಬುದ್ಧಿಯನ್ನು ಸಂತೆಗೆಲ್ಲ ಹಂಚಿದವನು ಮನೆಯ ಮಟ್ಟಿಗೆ ಮರೆತಿದ್ದೆ. ಮರುದಿನ ಕಟ್ಟು ಬಿಚ್ಚಿ ಕತ್ತಿಗಳನ್ನು ತೆಗೆದೆ. ಗಾಯಕ್ಕೆ ಮದ್ದು, ಗಾಯಕ್ಕೂ ಮುಂಚೆ ಗುರಾಣಿ, ಅವಳ ಬತ್ತಳಿಕೆಗೆ ಬಾಣ ತುಂಬುವ ಎಲೆ. ಮೂವತ್ತಕ್ಕೆ ಒಂದು ಕಡಿಮೆ ಬಿದ್ದಾಗ, ಯಾಕೋ, ಎಸೆದಿದ್ದ ನೆರಳನ್ನೂ ಸೇರಿಸಿದೆ. ನೆಲಕ್ಕೆ ಟವೆಲ್ಲು ಹಾಸಿ, ಕೈಗೆ ಬಂದ ಎಲೆಗಳನ್ನು ಅದರ ಮೇಲೆ ಅಂಗಾತ ಇಟ್ಟೆ. ತುಂಬಿದ ಸಂತೆಯಲ್ಲಿ ಅಂಗಿ ಕಳಚಿ ನಿಂತಂತಾಯಿತು.

ಮೂರನೇ ಸುತ್ತಿಗೆ ರಕ್ಕಸ ಕೆರಳಿದ.

“ನಿನಗೇನು ಬೇಕು ಹೇಳವಾ. ಮದ್ದು ಅದ, ಗುರಾಣಿ ಅದ.”

ಅವಳು ತನ್ನ ಕೈಯನ್ನೇ ನೋಡಿದಳು. “ನನ್ನ ಕೈಯಾಗ ಏನೂ ಉಳದಿಲ್ಲಪ್ಪಾ,” ಎಂದಳು. ಆ ಬರಿಗೈಯನ್ನು ಮಡಿಲಿಗಿಳಿಸಿ, “ಹೆಸರು ಸೈತ ಇಟ್ಟಿದ್ದೆ.”

ಇನ್ನೂ ವಯಸ್ಸದ, ದೇವರು ಕೊಡ್ತಾನ ಎಂಬ ಮಾತುಗಳು ನಾಲಗೆಯ ತುದಿಗೆ ಬಂದವು. ನುಂಗಿಕೊಂಡೆ. ನೆರಳನ್ನು ಎತ್ತಿ ಅವಳ ಮುಂದಿಟ್ಟೆ.

“ಈ ಸುತ್ತು ನೀ ಸುಮ್ಮ ಕುಂದ್ರವಾ.”

ಎಲೆಗಳು ಚೆಲ್ಲಿಹೋಗುವಂತೆ ಟವೆಲ್ಲನ್ನು ಸೆಳೆದು ಅವಳು ಮುಖ ಮುಚ್ಚಿಕೊಂಡಳು. ಎರಡು ತಿಂಗಳ ಅಳು ಒಮ್ಮೆಗೇ ಬಂತು. ಮೊರದ ಸಪ್ಪಳ ನಿಂತಿತು. ನಾನು ಟವೆಲ್ಲಿನ ಕೆಳಗೆ ಕೈಯಿಟ್ಟು ಅವಳ ಬೆರಳು ಹುಡುಕಿದೆ. ಆ ಬಟ್ಟೆಯಡಿ ಎಷ್ಟು ಬೆರಳು ಒತ್ತಿದ್ದೇನೋ ಲೆಕ್ಕವಿಲ್ಲ. ಏನನ್ನೂ ಕೇಳದೆ ಸುಮ್ಮನೆ ಹಿಡಿದುಕೊಂಡದ್ದು ಅದೇ ಮೊದಲು.